ದೇವಾಲಯದ ಹೊರಗೆ ನಿಂತ ಪುರುಷರು

ಪೋಪ್ ಫ್ರಾನ್ಸಿಸರು 2021ರಲ್ಲಿ ಆರಂಭಿಸಿದ ಸಿನೊಡ್ ಪ್ರಕ್ರಿಯೆಯು 2024ರ ಅಕ್ಟೋಬರ್‌ನಲ್ಲಿ ರೋಮಿನಲ್ಲಿ ಜರುಗಿದ ಮಹಾಸಭೆಯೊಂದಿಗೆ ಒಂದು ಘಟ್ಟವನ್ನು ಮುಟ್ಟಿತು. ಧರ್ಮಕೇಂದ್ರಗಳ ಪಾಲನಾ ಪರಿಷತ್ತುಗಳು ಹೆಸರಿಗಷ್ಟೇ ಉಳಿಯದೆ ಕಡ್ಡಾಯವಾಗಿ ಕಾರ್ಯನಿರತವಾಗಿರಬೇಕೆಂದು ಅದರ ಅಂತಿಮ ದಾಖಲೆಯು ಒತ್ತಿ ಹೇಳಿದೆ. 2028ರ ಅಕ್ಟೋಬರ್ ತಿಂಗಳಿಗೆ ವ್ಯಾಟಿಕನ್‌ನಲ್ಲಿ ಕರೆಯಲಾಗಿರುವ ಸಮ್ಮೇಳನದೊಳಗೆ ಇದನ್ನು ಆಚರಣೆಗೆ ತರುವ ಹೊಣೆ ಸ್ಥಳೀಯ ಧರ್ಮಸಭೆಗಳ ಮೇಲಿದೆ. ಸಿನೊಡ್ ಎಂದರೆ ಒಟ್ಟಾಗಿ ನಡೆಯುವುದು. ಆದರೆ ನಮ್ಮ ಧರ್ಮಕೇಂದ್ರಗಳಲ್ಲಿ ನಿಜಕ್ಕೂ ನಡೆಯುತ್ತಿರುವವರು ಯಾರು?

ವಾಳೆಯ ಪ್ರಾರ್ಥನಾ ಕೂಟಕ್ಕೆ ಹೋದರೆ ಚಾಪೆಯ ತುಂಬ ತಾಯಂದಿರು, ಮಕ್ಕಳು. ಪುರುಷರು ಬಂದರೂ ಅಂಗಳದಲ್ಲಿ ನಿಂತು ಅಡಿಕೆಯ ಧಾರಣೆಯನ್ನು ಚರ್ಚಿಸುತ್ತಾರೆ. ಭಾನುವಾರದ ಬಲಿಪೂಜೆಯಲ್ಲಿ ಬಾಗಿಲ ಬಳಿಯ ಗೋಡೆಗೆ ಒರಗಿ ನಿಲ್ಲುವವರೂ ಅವರೇ. ಇವರಲ್ಲಿ ವಿಶ್ವಾಸವಿಲ್ಲವೆಂದು ನಾನು ಹೇಳಲಾರೆ. ವಾರ್ಷಿಕ ಹಬ್ಬಕ್ಕೆ ಚಪ್ಪರ ಹಾಕಲು, ಮರಣದ ಮನೆಯಲ್ಲಿ ರಾತ್ರಿಯಿಡೀ ಓಡಾಡಲು ಮುಂದಾಗುವವರು ಇದೇ ಜನ. ಕೇಳಿದಾಗ ಹಣಕ್ಕೂ ಹಿಂಜರಿಯುವುದಿಲ್ಲ.

ಹಾಗಾದರೆ ಕೊರತೆ ಎಲ್ಲಿದೆ? ಧರ್ಮೋಪದೇಶದ ತರಗತಿಯಲ್ಲಿ ಒಬ್ಬ ಬಾಲಕನನ್ನು ಕೇಳಿದೆ: "ಮನೆಯಲ್ಲಿ ಜಪಸರ ಯಾರು ನಡೆಸುತ್ತಾರೆ?" "ಅಮ್ಮ." "ಅಮ್ಮ ಊರಿಗೆ ಹೋದಾಗ?" "ಅಂದು ಜಪಸರ ಇಲ್ಲ, ಫಾದರ್." "ಅಪ್ಪ ಮನೆಯಲ್ಲಿ ಇರುವುದಿಲ್ಲವೇ?" ಹುಡುಗ ತಲೆ ತಗ್ಗಿಸಿ, "ಇರುತ್ತಾರೆ" ಎಂದ.

ಆ ಒಂದು ಮಾತು ಬಹಳ ದಿನ ನನ್ನನ್ನು ಕಾಡಿತು. ಫ್ರಾನ್ಸಿನ ಕ್ಯಾಥೋಲಿಕ್ ತತ್ತ್ವಜ್ಞಾನಿ ಗೇಬ್ರಿಯಲ್ ಮಾರ್ಸೆಲ್ 1935ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಮನುಷ್ಯನು ಹೊಂದಿರುವುದಕ್ಕೂ ಸ್ವತಃ ಆತನು ಇರುವುದಕ್ಕೂ ಇರುವ ವ್ಯತ್ಯಾಸವನ್ನು ವಿಚಾರಿಸಿದರು. ನಮ್ಮ ಕನ್ನಡದಲ್ಲಿ 'ಹಣ ಇದೆ' ಎನ್ನುವುದಕ್ಕೂ 'ನಾನು ಇದ್ದೇನೆ' ಎನ್ನುವುದಕ್ಕೂ ಧಾತು ಒಂದೇ. ಬಹುಶಃ ಅದರಿಂದಲೇ ಕೈಯಲ್ಲಿ ಇರುವುದನ್ನು ಕೊಟ್ಟವನು ತಾನೂ ಅಲ್ಲಿ ಇದ್ದೇನೆಂದು ಭಾವಿಸಿಬಿಡುತ್ತಾನೆ. ನನ್ನ ಧರ್ಮಕೇಂದ್ರದ ತಂದೆಯೊಬ್ಬರು ಕುವೈತ್‌ನಲ್ಲಿ ದುಡಿಯುತ್ತಾರೆ. ಪಾಳಿ ಮುಗಿದೊಡನೆ ಫೋನ್ ಮೂಲಕ ಮಕ್ಕಳೊಂದಿಗೆ ಜಪಸರದ ಒಂದು ರಹಸ್ಯವನ್ನಾದರೂ ಹೇಳುತ್ತಾರೆ. ಅವರು ಸಮುದ್ರದಾಚೆ ಇದ್ದೂ ಮನೆಯಲ್ಲಿದ್ದಾರೆ. ಪಕ್ಕದ ಕೋಣೆಯಲ್ಲಿ ಕುಳಿತ ತಂದೆ ಮನೆಯಲ್ಲಿದ್ದೂ ಇಲ್ಲ.

ಈ ದೋಷದಲ್ಲಿ ಯಾಜಕರಾದ ನಮ್ಮ ಪಾಲೂ ಇದೆಯೆಂಬುದನ್ನು ಒಪ್ಪಿಕೊಳ್ಳಬೇಕು. ನಾವು ಪುರುಷರ ಬಳಿಗೆ ಹೋದದ್ದು ಹೆಚ್ಚಾಗಿ ರಶೀದಿ ಪುಸ್ತಕ ಹಿಡಿದುಕೊಂಡು. ಹಿಂದೆ ಕರಾವಳಿಯ ಕ್ರೈಸ್ತ ನೆಲೆಗಳಲ್ಲಿ ಸನ್ನಡತೆಯ ಗೃಹಸ್ಥರನ್ನು ಗುರಿಕಾರರನ್ನಾಗಿ ಆರಿಸಿ, ಸಾಮಾಜಿಕ ಹೊಣೆಯೊಂದಿಗೆ ಧಾರ್ಮಿಕ ಹೊಣೆಯನ್ನೂ ಒಪ್ಪಿಸುತ್ತಿದ್ದರು. ಇಂದು ಪುರುಷನಿಗೆ ಚಪ್ಪರದ ಹೊಣೆ ಉಳಿದಿದೆ. ನೆರೆಮನೆಯವರ ವಿಶ್ವಾಸದ ಹೊಣೆ ಕೈಜಾರಿದೆ.

ಹೊಣೆ ಕೊಟ್ಟರೆ ಪುರುಷರು ಬರುತ್ತಾರೆಂಬುದಕ್ಕೆ ಚರಿತ್ರೆಯೇ ಸಾಕ್ಷಿ. 1833ರಲ್ಲಿ ಪ್ಯಾರಿಸಿನ ಚರ್ಚಾಕೂಟವೊಂದರಲ್ಲಿ, ಧರ್ಮಸಭೆಯು ಈಗ ಬಡವರಿಗಾಗಿ ಮಾಡುತ್ತಿರುವುದೇನು ಎಂಬ ಸವಾಲು ಎದುರಾದಾಗ, ಇಪ್ಪತ್ತು ವರ್ಷದ ವಿದ್ಯಾರ್ಥಿ ಫ್ರೆಡರಿಕ್ ಓಝಾನಾಮ್ ವಾದಕ್ಕೆ ನಿಲ್ಲಲಿಲ್ಲ. ಕೆಲವೇ ಸಂಗಡಿಗರೊಂದಿಗೆ, ಸಿಸ್ಟರ್ ರೊಸಾಲಿ ರಾಂಡು ಅವರ ಮಾರ್ಗದರ್ಶನದಲ್ಲಿ ಬಡವರ ಮನೆಗಳಿಗೆ ನಡೆದರು. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಹುಟ್ಟಿದ್ದು ಹೀಗೆ. ಪೋಪ್ ದ್ವಿತೀಯ ಜಾನ್ ಪಾವ್ಲರು 1997ರಲ್ಲಿ ಓಝಾನಾಮರನ್ನು ಪುನೀತರೆಂದು ಸಾರಿದರು. ಆ ಯುವಕರನ್ನು ಕಟ್ಟಿಹಾಕಿದ್ದು ಬರಿಯ ಸಭೆಯಲ್ಲ, ಬಾಗಿಲು ತೆರೆದು ಕಾಯುತ್ತಿದ್ದ ಒಂದು ಬಡ ಮನೆ.

ಪುರುಷರನ್ನು ಕರೆಯುವುದೆಂದರೆ ಸ್ತ್ರೀಯರನ್ನು ಬದಿಗೆ ಸರಿಸುವುದೆಂದು ಯಾರೂ ತಿಳಿಯಬಾರದು. ವಾಚಕರ ಹಾಗೂ ಪೀಠಸೇವಕರ ಸೇವಾಪದವಿಗಳನ್ನು 2021ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸರು ಸ್ತ್ರೀಯರಿಗೂ ತೆರೆದರು, ಅದು ನ್ಯಾಯವೇ. ಕುರ್ಚಿ ಹಾಕಿ ಕೂರಿಸಲು ಗಂಡಸರು ಬೇಕಿಲ್ಲ. ತಾಯಂದಿರು ಇಷ್ಟು ವರ್ಷ ಒಂಟಿಯಾಗಿ ಹೊತ್ತ ಭಾರಕ್ಕೆ ಹೆಗಲು ಕೊಡಲು ಬೇಕು.

ಆದುದರಿಂದ ಯಾಜಕ ಬಂಧುಗಳಲ್ಲಿ ನನ್ನದೊಂದು ವಿನಂತಿ: ಪೀಠದಿಂದ ಎಲ್ಲರನ್ನೂ ಒಟ್ಟಾಗಿ ಕರೆಯುವ ಬದಲು ಒಬ್ಬೊಬ್ಬರ ಮನೆಗೆ ಹೋಗಿ ಹೆಸರು ಹಿಡಿದು ಕರೆಯಿರಿ. ಹಾಸಿಗೆ ಹಿಡಿದ ಒಬ್ಬ ವೃದ್ಧರನ್ನು ವಾರಕ್ಕೊಮ್ಮೆ ನೋಡಿ ಬರುವ ಕೆಲಸವನ್ನು ಇಬ್ಬರು ಗೃಹಸ್ಥರಿಗೆ ಒಪ್ಪಿಸಿರಿ. ಸಭೆಗಳನ್ನು ದುಡಿಯುವವರ ಬಿಡುವಿನ ವೇಳೆಗೆ ಇಡಿರಿ. ತಂದೆಯರಲ್ಲಿ ಒಂದೇ ಬೇಡಿಕೆ: ಇಂದು ರಾತ್ರಿ ಊಟಕ್ಕೆ ಮುನ್ನ ಶುಭಸಂದೇಶದ ಐದು ವಾಕ್ಯಗಳನ್ನು ನೀವೇ ಓದಿರಿ. ಸ್ವರ ತಡವರಿಸಿದರೂ ಚಿಂತೆಯಿಲ್ಲ.

ಸಂತ ಜೋಸೆಫರ ಒಂದು ಮಾತೂ ಶುಭಸಂದೇಶಗಳಲ್ಲಿ ದಾಖಲಾಗಿಲ್ಲ. ಅವರು ಎದ್ದರು, ರಾತ್ರೋರಾತ್ರಿ ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಹೊರಟರು ಎಂದಷ್ಟೇ ಇದೆ. ಮಗುವಿಗೆ ಅಪಾಯ ಬಂದ ರಾತ್ರಿ ಆ ತಂದೆ ಅಂಗಳದಲ್ಲಿ ನಿಂತಿರಲಿಲ್ಲ. ನಮ್ಮ ಮಕ್ಕಳ ವಿಶ್ವಾಸಕ್ಕೂ ಇಂದು ಅಂಥ ರಾತ್ರಿಯೇ ಕವಿದಿದೆ. "ಅಪ್ಪ ಇರುತ್ತಾರೆ" ಎಂದು ತಲೆಯೆತ್ತಿ ಹೇಳುವ ಭಾಗ್ಯ ಅವರಿಗೆ ದೊರೆಯಲಿ.