ಗಾಲಿಯ ಅಳತೆ ಕಾರಿನ ಬಾಗಿಲಲ್ಲೇ ಇದೆ

ಕಾಸರಗೋಡು ಸೀಮೆಯಲ್ಲಿ ಮಳೆಗಾಲವೂ ಶಾಲೆಯೂ ಜೂನ್ ತಿಂಗಳಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಬಾಗಿಲು ತಟ್ಟುತ್ತವೆ. ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವ ಎಷ್ಟೋ ಮನೆಗಳಿಗೆ ಹತ್ತಿರದ ಶಾಲೆಯೆಂಬುದು ಹತ್ತಿರದಲ್ಲಿರುವುದಿಲ್ಲ. ಬಸ್ಸು ಸಿಗದ ಒಳದಾರಿಯಲ್ಲಿ ಮನೆಯ ಕಾರೇ ಶಾಲಾ ವಾಹನವಾಗುತ್ತದೆ; ನೆರೆಮನೆಯ ಎರಡು ಮಕ್ಕಳೂ ಅದರಲ್ಲೇ ಹತ್ತುತ್ತಾರೆ. ಟಯರು ಸವೆದಿದೆಯೆಂಬುದು ಮನೆಯ ಯಜಮಾನರ ಗಮನಕ್ಕೆ ಬರುವುದು ಸಾಮಾನ್ಯವಾಗಿ ಈ ಹೊತ್ತಿನಲ್ಲಿ. ಮಂಗಳೂರಿಗೆ ಬೇರೆ ಕೆಲಸವಿದ್ದ ದಿನ ಅಲ್ಲಿಯೇ ಒಂದು ಅಂಗಡಿಯೆದುರು ಕಾರು ನಿಲ್ಲುತ್ತದೆ. ಅಂಗಡಿಯಾತ, "ಇದೇ ರೇಟಿಗೆ ಇನ್ನೂ ಅಗಲದ ಟಯರು ಇದೆ ಸಾರ್, ಗ್ರಿಪ್ ಚೆನ್ನಾಗಿರುತ್ತದೆ" ಎನ್ನುತ್ತಾನೆ. ಜತೆಗಿದ್ದ ಮಗನ ಕಣ್ಣು ಗೋಡೆಗೆ ತೂಗುಹಾಕಿದ ಅಲಾಯ್ ಚಕ್ರಗಳ ಮೇಲಿರುತ್ತದೆ. ಅರ್ಧ ಗಂಟೆಯೊಳಗೆ ಕಾರಿನ ನಾಲ್ಕು ಕಾಲುಗಳೂ ಬದಲಾಗಿರುತ್ತವೆ. ಆ ಅರ್ಧ ಗಂಟೆಯಲ್ಲಿ ಯಾರೂ ನೋಡದೇ ಬಿಡುವ ಒಂದು ಚೀಟಿಯಿದೆ.

ಚಾಲಕನ ಬಾಗಿಲು ತೆರೆದರೆ ಬಾಗಿಲು ಬಂದು ಕೂರುವ ಕಂಬದ ಮೇಲೆ ಅದನ್ನು ಅಂಟಿಸಿರುತ್ತಾರೆ. ಕೆಲವು ಕಾರುಗಳಲ್ಲಿ ಇಂಧನದ ಮುಚ್ಚಳದ ಒಳಮೈಯಲ್ಲಿರುವುದೂ ಉಂಟು. ಆ ಕಾರಿಗೆ ಯಾವ ಅಳತೆಯ ಟಯರು, ಮುಂದೆಷ್ಟು ಗಾಳಿ, ಹಿಂದೆಷ್ಟು ಗಾಳಿ, ಪೂರ್ತಿ ಜನ ತುಂಬಿದಾಗ ಎಷ್ಟು ಎಂಬುದೆಲ್ಲ ಅಲ್ಲಿದೆ. ಕಾರಿನ ಜತೆ ಬಂದ ಕೈಪಿಡಿಯಲ್ಲಿ ಇದೇ ವಿವರ ಇನ್ನಷ್ಟು ವಿಸ್ತಾರವಾಗಿರುತ್ತದೆ. ಈಗ ಕಾರಿನಲ್ಲಿರುವ ಟಯರನ್ನು ನೋಡಿ ಅದೇ ಅಳತೆ ಕೇಳುವುದು ಸಾಲದು. ಕಾರು ಎರಡನೆಯ ಕೈಯದ್ದಾಗಿದ್ದರೆ ಹಿಂದಿನ ಮಾಲೀಕರು ಏನನ್ನು ಹಾಕಿಸಿದ್ದರೋ ಯಾರಿಗೆ ಗೊತ್ತು?

ಟಯರಿನ ಪಕ್ಕದಲ್ಲಿ 165/80 ಆರ್ 14 85 ಟಿ ಎಂದು ಅಚ್ಚಾಗಿದೆಯೆಂದಿಟ್ಟುಕೊಳ್ಳಬಹುದು. 165 ಎಂಬುದು ಟಯರಿನ ಅಗಲ, ಮಿಲಿಮೀಟರಿನಲ್ಲಿ. 80 ಎಂಬುದು ಪಕ್ಕದ ಗೋಡೆಯ ಎತ್ತರ. ಆದರೆ ಇದು ಮಿಲಿಮೀಟರಲ್ಲ, ಅಗಲದ ಶೇಕಡಾ 80. ಆರ್ ಎಂದರೆ ರೇಡಿಯಲ್. 14 ಎಂಬುದು ರಿಮ್ಮಿನ ವ್ಯಾಸ, ಇಂಚಿನಲ್ಲಿ. 85 ಹೊರೆಯ ಸಂಕೇತ, ಕೊನೆಯ ಅಕ್ಷರ ವೇಗದ ಮಿತಿ: ಟಿ ಎಂದರೆ ಗಂಟೆಗೆ 190 ಕಿಲೋಮೀಟರು, ಎಚ್ ಎಂದರೆ 210. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರನ್ನೂ ಬೆರೆಸಿದ ಈ ಬರವಣಿಗೆ ವಿಚಿತ್ರವೆನಿಸಿದರೂ ಏಳನೆಯ ತರಗತಿಯ ಗಣಿತ ಬಲ್ಲ ಮಗುವಿಗೆ ಇದನ್ನು ಬಿಡಿಸಲು ಕಷ್ಟವಿಲ್ಲ.

ಲೆಕ್ಕ ಹೀಗೆ. 165ರ ಶೇಕಡಾ 80 ಎಂದರೆ 132. ರಿಮ್ಮಿನ ಮೇಲೊಂದು ಗೋಡೆ, ಕೆಳಗೊಂದು ಗೋಡೆ, ಆದ್ದರಿಂದ 264. ಒಂದು ಇಂಚಿಗೆ 25.4 ಮಿಲಿಮೀಟರಿನಂತೆ 14 ಇಂಚಿಗೆ 355.6. ಕೂಡಿದರೆ ಗಾಲಿಯ ಒಟ್ಟು ವ್ಯಾಸ 619.6 ಮಿಲಿಮೀಟರು. 2018ರಲ್ಲಿ ಬಂದ ಮಾರುತಿ ಸ್ವಿಫ್ಟ್‌ನ ಕೆಳದರ್ಜೆಯ ಕಾರುಗಳಿಗೆ ಇದೇ ಅಳತೆ. ಅದೇ ಕಾರಿನ ಮೇಲ್ದರ್ಜೆಗೆ ಕಂಪನಿ ಕೊಟ್ಟದ್ದು 185/65 ಆರ್ 15. ಅದರ ಲೆಕ್ಕ ಹಾಕಿದರೆ 621.5 ಬರುತ್ತದೆ. ರಿಮ್ಮು ಒಂದು ಇಂಚು ದೊಡ್ಡದಾಯಿತು, ಟಯರು ಅಗಲವಾಯಿತು. ಆದರೆ ಒಟ್ಟು ವ್ಯಾಸದಲ್ಲಿ ವ್ಯತ್ಯಾಸ ಎರಡು ಮಿಲಿಮೀಟರಿಗಿಂತ ಕಡಿಮೆ. ದೊಡ್ಡ ರಿಮ್ಮಿಗೆ ಹೋಗುವ ಸರಿಯಾದ ಕ್ರಮವಿದು: ರಿಮ್ಮು ಬೆಳೆದಷ್ಟೂ ಗೋಡೆ ತಗ್ಗಬೇಕು, ಗಾಲಿ ಅಷ್ಟೇ ಇರಬೇಕು.

ಇದೇ ಕಾರಿಗೆ "ಅಗಲ ಇರಲಿ" ಎಂದು 205/65 ಆರ್ 15 ಹಾಕಿಸಿದರೆ ವ್ಯಾಸ 647.5ಕ್ಕೆ ಏರುತ್ತದೆ, 26 ಮಿಲಿಮೀಟರು, ಶೇಕಡಾ 4ಕ್ಕೂ ಹೆಚ್ಚು. ಮೀಟರು ಎಣಿಸುವುದು ಗಾಲಿಯ ಸುತ್ತುಗಳನ್ನು. ಸುತ್ತಳತೆ ಹಿಗ್ಗಿದ್ದು ಅದಕ್ಕೆ ತಿಳಿಯದು. ಹಳೆಯ ಗಾಲಿಯಲ್ಲಿ ನಿಜವಾಗಿ 80ರಲ್ಲಿ ಓಡುತ್ತಿದ್ದಾಗ ಮೀಟರು ಏನನ್ನು ತೋರಿಸುತ್ತಿತ್ತೋ ಅದನ್ನೇ ಈಗ ತೋರಿಸುವಾಗ ಕಾರು 83ರ ಮೇಲಿರುತ್ತದೆ. ಕ್ಯಾಮೆರಾ ಅಳೆಯುವುದು ನಿಜವಾದ ವೇಗವನ್ನೇ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ, ಹಿಂದೆ ಮೂವರು ಕುಳಿತು ಹೊಂಡಕ್ಕೆ ಇಳಿದಾಗ ಟಯರು ಮಡ್‌ಗಾರ್ಡಿಗೆ ಉಜ್ಜುವ ಸದ್ದೂ ಕೇಳಿಸಬಹುದು.

ಇದಕ್ಕಿಂತ ಅಪಾಯದ್ದು ಇನ್ನೊಂದು ದಿಕ್ಕಿನ ತಪ್ಪು. ಹಳೆಯ 14 ಇಂಚಿನ ರಿಮ್ಮಿಗೇ 185/60 ಆರ್ 14 ಹಾಕಿಸಿದರೆ ಕಾರು ನೆಲಕ್ಕೆ ಒತ್ತಿ ನಿಂತಂತೆ ಕಾಣುತ್ತದೆ. ಯುವಕರಿಗೆ ಅದು ಅಂದ. ವ್ಯಾಸ 577.6ಕ್ಕೆ ಇಳಿದಿರುವುದರಿಂದ ಕಾರಿನ ಹೊಟ್ಟೆ 21 ಮಿಲಿಮೀಟರಿನಷ್ಟು ನೆಲಕ್ಕೆ ಹತ್ತಿರವಾಗಿದೆ ಎಂಬುದು ಮನೆಯ ಮುಂದಿನ ಕಲ್ಲುದಾರಿಯಲ್ಲಿ ಬೇಗನೆ ಗೊತ್ತಾಗುತ್ತದೆ. ಗೊತ್ತಾಗದಿರುವುದು ಹೊರೆಯ ಲೆಕ್ಕ. 85 ಎಂಬ ಸಂಕೇತದ ಟಯರು 515 ಕಿಲೋ ಹೊರಬಲ್ಲದು. 185/60 ಆರ್ 14 ಟಯರಿನಲ್ಲಿ ಸಾಮಾನ್ಯವಾಗಿರುವ ಸಂಕೇತ 82, ಅಂದರೆ 475 ಕಿಲೋ. ಒಂದೊಂದು ಗಾಲಿಯಲ್ಲಿ 40 ಕಿಲೋ, ನಾಲ್ಕರಲ್ಲಿ 160 ಕಿಲೋ ತ್ರಾಣ ಕಡಿಮೆ. ಅಗಲವಾದ ಟಯರು ಹೆಚ್ಚು ಹೊರುತ್ತದೆ ಎಂಬ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ. ಹೊರೆ ಹೊರುವುದು ಒಳಗಿನ ಗಾಳಿ, ತಗ್ಗಿದ ಗೋಡೆಯೊಳಗೆ ಗಾಳಿಗೆ ಜಾಗ ಕಡಿಮೆ. ಐದು ಮಂದಿ, ಅವರ ಚೀಲಗಳು, ಡಿಕ್ಕಿಯಲ್ಲಿ ಒಂದು ಮೂಟೆ ಅಡಿಕೆ ಇರುವ ಕಾರಿಗೆ ಈ ಸಂಖ್ಯೆ ಅಲಂಕಾರಕ್ಕೆ ಬರೆದದ್ದಲ್ಲ. ಬದಲಿ ಟಯರಿನ ಹೊರೆಯ ಸಂಕೇತವಾಗಲಿ ವೇಗದ ಅಕ್ಷರವಾಗಲಿ ಕಂಪನಿ ಕೊಟ್ಟದ್ದಕ್ಕಿಂತ ಮೇಲಿರಬಹುದು, ಕೆಳಗಿಳಿಯಬಾರದು.

ರಿಮ್ಮಿನ ವಿಚಾರ ಇನ್ನೂ ಸೂಕ್ಷ್ಮ. ನಾಲ್ಕು ತೂತು, ನಾಲ್ಕು ನಟ್ಟು, ಕೂತರೆ ಸರಿ ಎಂದುಕೊಳ್ಳುವವರೇ ಹೆಚ್ಚು. ತೂತುಗಳ ಮಧ್ಯಬಿಂದುಗಳ ಮೂಲಕ ಎಳೆದ ವೃತ್ತದ ವ್ಯಾಸವನ್ನು ಮೊದಲು ನೋಡಬೇಕು. ಅಂಗಡಿಯಲ್ಲಿ ಇದಕ್ಕೆ ಪಿ.ಸಿ.ಡಿ. ಎನ್ನುತ್ತಾರೆ. ಸ್ವಿಫ್ಟ್‌ಗೆ ಅದು 100 ಮಿಲಿಮೀಟರು, ಹಳೆಯ ಫಿಯಾಟ್ ಪಾಲಿಯೋಗೆ 98. ಎರಡು ಮಿಲಿಮೀಟರಿನ ಅಂತರ ಕಣ್ಣಿಗೆ ಕಾಣದು. ಬಲವಂತದಿಂದ ಬಿಗಿದರೆ ನಟ್ಟು ಕೂತಂತೆಯೂ ಆಗುತ್ತದೆ, ಆದರೆ ಓರೆಯಾಗಿ ಕೂತಿರುತ್ತದೆ. ಓಡುತ್ತ ಓಡುತ್ತ ಸಡಿಲಗೊಳ್ಳುವುದು ಇಂತಹ ನಟ್ಟುಗಳೇ. ಎರಡನೆಯದು ನಡುವಿನ ದೊಡ್ಡ ತೂತು. ಚಕ್ರ ಹಬ್ಬಿನ ಮೇಲೆ ನೇರವಾಗಿ ಕೂರುವುದು ಇದರಿಂದಲೇ. ಸ್ವಿಫ್ಟ್‌ನಲ್ಲಿ 54.1, ಹೋಂಡಾ ಸಿಟಿಯಲ್ಲಿ 56.1. ಎರಡಕ್ಕೂ ಪಿ.ಸಿ.ಡಿ. ಒಂದೇ ಆದ್ದರಿಂದ ಸಿಟಿಯ ಚಕ್ರ ಸ್ವಿಫ್ಟ್‌ಗೆ ಸಲೀಸಾಗಿ ಹೊಗುತ್ತದೆ, ಆದರೆ ನಡುವೆ ಎರಡು ಮಿಲಿಮೀಟರು ಸಡಿಲ. ಎಂಬತ್ತರ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆಂದು ಬ್ಯಾಲೆನ್ಸಿಂಗ್ ಮೇಲೆ ಬ್ಯಾಲೆನ್ಸಿಂಗ್ ಮಾಡಿಸುವವರು ಒಮ್ಮೆ ಈ ತೂತನ್ನು ಅಳೆಸುವುದು ಲೇಸು. ಸರಿಯಾದ ಅಳತೆಯ ಬಳೆಯನ್ನು ನಡುವೆ ಕೂರಿಸಿದರೆ ದೋಷ ನಿವಾರಣೆಯಾಗುತ್ತದೆ. ಹಾಗೆಂದು ಅಂಗಡಿಯಾತ ತಾನಾಗಿ ಹೇಳುವುದು ಅಪರೂಪ.

ಮೂರನೆಯದು ಆಫ್‌ಸೆಟ್: ಚಕ್ರವು ಹಬ್ಬಿಗೆ ಅಂಟುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ದೂರದಲ್ಲಿದೆ ಎಂಬುದು. ರಿಮ್ಮಿನ ಮೇಲೆ ಇ.ಟಿ. ಎಂಬ ಅಕ್ಷರಗಳ ಮುಂದೆ ಈ ಸಂಖ್ಯೆ ಇರುತ್ತದೆ. ಇದು ಕಡಿಮೆಯಾದಂತೆ ಗಾಲಿ ಹೊರಕ್ಕೆ ಚಾಚುತ್ತದೆ, ಬೇರಿಂಗಿನ ಮೇಲೆ ಹೊರೆ ಹೆಚ್ಚುತ್ತದೆ, ಮಳೆಯಲ್ಲಿ ಕೆಸರು ಕಾರಿನ ಮೈಗೂ ಹಿಂದೆ ಬರುವ ದ್ವಿಚಕ್ರ ಸವಾರರಿಗೂ ಸಿಡಿಯುತ್ತದೆ. ತಪಾಸಣೆಗೆ ನಿಂತ ಅಧಿಕಾರಿಯ ಕಣ್ಣಿಗೆ ಮೊದಲು ಬೀಳುವುದೂ ಈ ಹೊರಚಾಚಿದ ಗಾಲಿಯೇ.

ಇಲ್ಲಿಂದ ವಿಷಯ ಮೆಕ್ಯಾನಿಕ್‌ನ ಕೈಯಿಂದ ಕಾನೂನಿನ ಕೈಗೆ ಬರುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ್ದಕ್ಕೆ ಭಿನ್ನವಾಗುವ ರೀತಿಯಲ್ಲಿ ಮಾಲೀಕನು ವಾಹನವನ್ನು ಮಾರ್ಪಡಿಸುವಂತಿಲ್ಲ. ಈ ಕಲಮಿಗೆ ಬಿಗಿಯಾದ ಅರ್ಥ ದೊರೆತದ್ದು ಕೇರಳದಿಂದ ಹೋದ ಒಂದು ಮೇಲ್ಮನವಿಯಲ್ಲೇ. 2019ರ ಜನವರಿಯಲ್ಲಿ ನ್ಯಾಯಮೂರ್ತಿಗಳಾದ ಅರುಣ್ ಮಿಶ್ರಾ ಮತ್ತು ವಿನೀತ್ ಸರನ್ ಅವರಿದ್ದ ಸರ್ವೋಚ್ಚ ನ್ಯಾಯಾಲಯದ ಪೀಠವು ಕೇರಳ ಹೈಕೋರ್ಟಿನ ಉದಾರವಾದ ವ್ಯಾಖ್ಯಾನವನ್ನು ಒಪ್ಪದೆ, ತಯಾರಕರ ಮೂಲ ನಿರ್ದಿಷ್ಟತೆಗೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ತೀರ್ಪಿತ್ತಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ 4ನೆಯ ಉಪಕಲಮು ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸುತ್ತದೆ.

ಹಾಗೆಂದ ಮಾತ್ರಕ್ಕೆ ಅಲಾಯ್ ಚಕ್ರ ಹಾಕಿದವರೆಲ್ಲ ಅಪರಾಧಿಗಳು ಎಂದು ಹೆದರಬೇಕಾಗಿಲ್ಲ. 52ನೆಯ ಕಲಮಿನ ವಿವರಣೆಯಲ್ಲೇ, ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣ ಬದಲಾಗುವಂತೆ ಅದರ ರಚನೆಯಲ್ಲಿ ಮಾಡುವ ಬದಲಾವಣೆ ಎಂದಿದೆ. ಒಂದೇ ಮಾದರಿಯ ಮೇಲ್ದರ್ಜೆಗೆ ಕಂಪನಿಯೇ ಕೊಟ್ಟ ರಿಮ್ಮು, ಟಯರುಗಳನ್ನು ಕೆಳದರ್ಜೆಯ ಕಾರಿಗೆ ಹಾಕಿಸಿದವರ ಕೈಯಲ್ಲಿ ತಯಾರಕರ ಕೈಪಿಡಿಯೇ ಸಮರ್ಥನೆಯಾಗಿರುತ್ತದೆ. ಅದರಾಚೆಗೆ ಕಾಲಿಟ್ಟವರಿಗೆ ಅಂಗಡಿಯಾತನ ಮಾತು ಯಾವ ನ್ಯಾಯಾಲಯದಲ್ಲೂ ಸಾಕ್ಷಿಯಾಗುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 94ನೆಯದು ಟಯರಿನ ಸ್ಥಿತಿಯನ್ನೇ ಕುರಿತದ್ದು. ಕಾರಿನ ಟಯರಿನ ಗೀರುಗಳ ಆಳಕ್ಕೆ 1.6 ಮಿಲಿಮೀಟರಿನ ಮಿತಿ ಇದೆ. ಗೀರಿನೊಳಗಿನ ಪುಟ್ಟ ದಿಣ್ಣೆಗಳ ಮಟ್ಟಕ್ಕೆ ಟಯರು ಸವೆದರೆ ಅದರ ಆಯುಸ್ಸು ಮುಗಿಯಿತು. ನಿಂತ ನೀರನ್ನು ಹೊರಗೆ ತಳ್ಳುವುದು ಆ ಗೀರುಗಳೇ ಆದ್ದರಿಂದ, ಜೂನಿನ ಹೆದ್ದಾರಿಗೆ ಇಳಿಯುವ ಕಾರು ಅಷ್ಟರವರೆಗೆ ಕಾಯಲೂಬಾರದು.

ವಿಮೆಯ ಬಗೆಗೂ ಒಂದು ಮಾತು. ಖಾಸಗಿ ಕಾರಿನ ಸಾಮಾನ್ಯ ಪಾಲಿಸಿಯಲ್ಲಿ ಟಯರಿಗೆ ಮಾತ್ರ ಆದ ಹಾನಿಗೆ ಪರಿಹಾರವಿಲ್ಲ; ಕಾರಿಗೂ ಹಾನಿಯಾಗಿದ್ದರೆ ಟಯರಿನ ಬೆಲೆಯಲ್ಲಿ ಅರ್ಧದಷ್ಟು ಮಾತ್ರ ಸಿಗುತ್ತದೆ. ಹೊರಗಿನಿಂದ ಕೊಂಡ ದುಬಾರಿ ರಿಮ್ಮನ್ನು ವಿಮಾ ಕಂಪನಿಗೆ ತಿಳಿಸಿ ಪಾಲಿಸಿಯಲ್ಲಿ ಸೇರಿಸದಿದ್ದರೆ ಅದರ ಬೆಲೆ ಕೇಳುವ ಹಕ್ಕು ಬಹಳ ದುರ್ಬಲ. ಅಳತೆ ತಪ್ಪಿದ ಗಾಲಿಯಿಂದಲೇ ಅಪಘಾತವಾಯಿತೆಂದು ಸರ್ವೇಯರು ಬರೆದರಂತೂ ವರ್ಷಗಟ್ಟಲೆ ವ್ಯಾಜ್ಯ.

ಟಯರು ಕೊಳ್ಳುವಾಗ ಪಕ್ಕದ ಗೋಡೆಯ ಮೇಲಿರುವ ನಾಲ್ಕು ಅಂಕಿಗಳನ್ನು ಓದಬೇಕು. 2324 ಎಂದಿದ್ದರೆ 2024ರ 23ನೆಯ ವಾರದಲ್ಲಿ ತಯಾರಾದದ್ದು. ಐ.ಎಸ್.ಐ. ಮುದ್ರೆಯೂ ಇರಬೇಕು. ಎರಡೇ ಟಯರು ಕೊಳ್ಳುವ ಶಕ್ತಿಯಿದ್ದರೆ ಹೊಸದನ್ನು ಹಿಂದಕ್ಕೆ ಹಾಕಿಸುವುದು ಒಳ್ಳೆಯದು. ಮುಂದಿನ ಗಾಲಿ ಜಾರಿದರೆ ವೇಗ ತಗ್ಗಿಸಿ ಕಾರನ್ನು ಹತೋಟಿಗೆ ತರಬಹುದು. ಒದ್ದೆ ತಿರುವಿನಲ್ಲಿ ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ನಾಲ್ಕಕ್ಕೂ ಅಳತೆ ಬದಲಿಸಿ ಸ್ಟೆಪ್ನಿಯನ್ನು ಮರೆಯುವವರಿದ್ದಾರೆ. ಹೊಸ ಅಲಾಯ್ ಚಕ್ರದ ನಟ್ಟು ಹಳೆಯ ಕಬ್ಬಿಣದ ಸ್ಟೆಪ್ನಿಗೆ ಕೂರುತ್ತದೆಯೇ ಎಂದು ಅಂಗಡಿಯಲ್ಲೇ ಹಾಕಿ ನೋಡುವುದು ವಾಸಿ. ರಾತ್ರಿ ಮಳೆಯಲ್ಲಿ ಅದನ್ನು ಪರೀಕ್ಷಿಸುವಂತಾಗಬಾರದು.

ಗಡಿಯಾಚೆ ಕೊಂಡ ಮಾಲಿನ ಬಗ್ಗೆ ಈ ಭಾಗದವರಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ: ಮಂಗಳೂರಿನಲ್ಲಿ ಕೊಂಡದ್ದಕ್ಕೆ ಮಂಗಳೂರಿನಲ್ಲೇ ದೂರು ಕೊಡಬೇಕೆಂದು. ಹಿಂದಿನ ಕಾಯಿದೆಯ ಕಾಲದಲ್ಲಿ ಅದು ಬಹುಮಟ್ಟಿಗೆ ನಿಜವಾಗಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 34ನೆಯ ಕಲಮು ದೂರುದಾರನು ವಾಸಿಸುವ ಅಥವಾ ದುಡಿಯುವ ಸ್ಥಳದ ಜಿಲ್ಲಾ ಆಯೋಗದಲ್ಲೂ ದೂರು ಸಲ್ಲಿಸಲು ಅವಕಾಶವಿತ್ತಿದೆ. ಪೆರ್ಲದವರು ಹಂಪನಕಟ್ಟೆಯಲ್ಲಿ ಕೊಂಡ ಟಯರಿನ ದೂರನ್ನು ಕಾಸರಗೋಡಿನಲ್ಲೇ ಕೊಡಬಹುದು. ಹೊಸೂರಿನವರು ಬೆಂಗಳೂರಿನಲ್ಲಿ ಕೊಂಡದ್ದಕ್ಕೂ ಅಕ್ಕಲಕೋಟೆಯವರು ಕಲಬುರಗಿಯಲ್ಲಿ ಕೊಂಡದ್ದಕ್ಕೂ ಇದೇ ನಿಯಮ. ವಕೀಲರಿಲ್ಲದೆಯೂ ದೂರು ಹೂಡಬಹುದು. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ದೂರಿಗೆ ಕಾರಣವುಂಟಾದ ದಿನದಿಂದ ಎರಡು ವರ್ಷ ಕಾಲಾವಕಾಶ. ಬೇಕಾದದ್ದು ಬಿಲ್ಲು, ಅದರಲ್ಲಿ ಟಯರಿನ ಕಂಪನಿ, ಪೂರ್ತಿ ಅಳತೆ, ಕ್ರಮಾಂಕ, ಕಾರಿನ ನಂಬರು. "ಟಯರು 4" ಎಂದಷ್ಟೇ ಗೀಚಿದ ಚೀಟಿಯಿಂದ ಏನನ್ನೂ ಸಾಧಿಸಲಾಗದು.

ತಮ್ಮ ಕಾರಿಗೆ ಇಂತಹ ಅಳತೆಯ ಗಾಲಿ ಹಾಕಿಸಬಹುದೇ ಎಂಬ ಸಂದೇಹವಿದ್ದರೆ, ದುಡ್ಡು ಕೊಡುವ ಮೊದಲೇ ಮೋಟಾರು ವಾಹನ ಇಲಾಖೆಗೆ ಲಿಖಿತವಾಗಿ ಕೇಳುವುದು ಉಚಿತ. 1969ರ ಕೇರಳ ಅಧಿಕೃತ ಭಾಷೆಗಳ ಕಾಯಿದೆಯಂತೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದಲ್ಲಿನ ಸರಕಾರಿ ಕಚೇರಿಗಳಿಗೆ ಕನ್ನಡಿಗರು ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಅರ್ಜಿಗೆ ಬಾಗಿಲಿನ ಆ ಚೀಟಿಯ ಒಂದು ಫೋಟೋ ಲಗತ್ತಿಸಿ, ಕಚೇರಿಯ ಮೊಹರು ಬಿದ್ದ ಪ್ರತಿಯೊಂದನ್ನು ಕಾರಿನ ಕಾಗದಪತ್ರಗಳ ಜತೆ ಇರಿಸಿಕೊಳ್ಳಬೇಕು.