ಬಸುರಿಯ ಚಳಿಜ್ವರ

ಹೆರಿಗೆಯಾದೊಡನೆ ಮಾಸನ್ನು ಹೂಳಿಸಿ ಮರೆಯುವುದು ನಮ್ಮ ಮನೆಗಳ ವಾಡಿಕೆ. ಗರ್ಭದಲ್ಲಿರುವಷ್ಟು ಕಾಲವೂ ಶಿಶುವಿಗೆ ಆಹಾರವನ್ನೂ ಪ್ರಾಣವಾಯುವನ್ನೂ ಒದಗಿಸಿದುದು ಅದೇ. ಮಲೇರಿಯಾ ರೋಗಾಣುಗಳಲ್ಲಿ ಫಾಲ್ಸಿಪಾರಮ್ ಎಂಬ ಕ್ರೂರ ಜಾತಿಯು ಈ ಮಾಸಿನಲ್ಲಿಯೇ ಬೀಡುಬಿಡುವುದುಂಟು. ಅದು ಹೊಕ್ಕ ಕೆಂಪು ರಕ್ತಕಣಗಳು ಅಲ್ಲಿರುವ ಕಾಂಡ್ರಾಯ್ಟಿನ್ ಸಲ್ಫೇಟ್ ಎಂಬ ವಸ್ತುವಿಗೆ ಅಂಟಿಕೊಳ್ಳುವುವೆಂದು ಫ್ರೀಡ್ ಮತ್ತು ಡಫಿ ಎಂಬ ವಿಜ್ಞಾನಿಗಳು 1996ರಲ್ಲಿ ತೋರಿಸಿದರು. ಅಂಟಿದೆಡೆಯಲ್ಲಿ ಉರಿಯೂತವೆದ್ದು ಶಿಶುವಿನ ಪೋಷಣೆ ಕುಗ್ಗುತ್ತದೆ. ಕೂಸು ತೂಕವಿಲ್ಲದೆ, ಕೆಲವೊಮ್ಮೆ ದಿನ ತುಂಬದೆ, ಹುಟ್ಟುತ್ತದೆ.

ಆಫ್ರಿಕಾದ ಮಲೇರಿಯಾ ಸೀಮೆಗಳಲ್ಲಿ ಬಾಲ್ಯದಿಂದ ಜ್ವರವುಂಡು ಗಟ್ಟಿಯಾದ ಹೆಂಗಸೂ ಚೊಚ್ಚಲ ಬಸಿರಿನಲ್ಲಿ ಇದಕ್ಕೆ ತುತ್ತಾಗುವಳು. ಮಾಸಿಗೆ ಅಂಟಬಲ್ಲ ರೋಗಾಣುವನ್ನು ಅವಳ ದೇಹವು ಹಿಂದೆಂದೂ ಎದುರಿಸಿದುದಿಲ್ಲ. ಮುಂದಿನ ಬಸಿರುಗಳಲ್ಲಿ ರಕ್ಷಣೆ ಬಲಿಯುತ್ತದೆ. ಜ್ವರವು ಅಷ್ಟು ದಟ್ಟವಾಗಿಲ್ಲದ ನಮ್ಮ ಸೀಮೆಯಲ್ಲಾದರೋ ಆ ರಕ್ಷಣೆಯನ್ನು ನೆಚ್ಚುವಂತಿಲ್ಲ. ಎಷ್ಟನೆಯ ಬಸಿರಾದರೂ ಅಪಾಯವುಂಟು.

ಗೃಹಸ್ಥರಿಗೆ ನಾವು ಒತ್ತಿ ಹೇಳಬೇಕಾದುದೊಂದಿದೆ. ಮಾಸಿನಲ್ಲಿ ಅಡಗಿದ ರೋಗಾಣುವು ಬೆರಳಿನ ರಕ್ತದಲ್ಲಿ ಕಾಣದೆ ಹೋಗಬಹುದು. ಒಮ್ಮೆ ‘ಇಲ್ಲ’ವೆಂದ ಪರೀಕ್ಷೆಯನ್ನು ನೆಚ್ಚಿ, ಬಿಡದ ಜ್ವರಕ್ಕೆ ಕಷಾಯ ಕುಡಿಸಿ ಕೂರಬಾರದು, ವೈದ್ಯರಲ್ಲಿಗೆ ಮತ್ತೆ ಕರೆದೊಯ್ಯಬೇಕು. ಮನೆಯಲ್ಲಿ ಸೊಳ್ಳೆಪರದೆ ಒಂದೇ ಇದ್ದರೆ ಅದು ಬಸುರಿಗೆ, ಯಜಮಾನರು ಹೊದಿಕೆಯನ್ನೆಳೆದುಕೊಳ್ಳಲಿ.