ಮುದ್ರೆಗೊಂದು ಮಾಷಕ: ಗುರುತಿನ ಚೀಟಿಯ ಕಾಣದ ಲೆಕ್ಕ

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಸೀಮೆಯಲ್ಲಿ ತಿಪ್ಪೇಸ್ವಾಮಿ ಎಂಬ ಹೆಸರಿನವರಿಲ್ಲದ ಊರು ದೊರೆಯುವುದು ಕಷ್ಟ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಮೇಲಣ ಭಕ್ತಿಯಿಂದ ಬಂದ ಹೆಸರಿದು. ಕನ್ನಡದಲ್ಲಿ ಇದನ್ನು ಬರೆಯುವ ಕ್ರಮ ಒಂದೇ. ರೋಮನ್ ಲಿಪಿಗೆ ಇಳಿಸಿದೊಡನೆ ಅದು ಹಲವಾಗುತ್ತದೆ. ತಕಾರಕ್ಕೆ ‘ಎಚ್’ ಸೇರಿಸುವವರುಂಟು, ಬಿಡುವವರುಂಟು. ಕೊನೆಯಲ್ಲಿ ‘ವೈ’ ಬರೆಯುವವರುಂಟು, ‘ಐ’ ಬರೆಯುವವರುಂಟು. ಕುದಾಪುರದಂತಹ ಹಳ್ಳಿಯ ಕೂಲಿಕಾರನೊಬ್ಬನ ಹೆಸರು ಆಧಾರ್ ಚೀಟಿಯಲ್ಲಿ ಒಂದು ಬಗೆ, ಜಾಬ್ ಕಾರ್ಡಿನಲ್ಲಿ ಇನ್ನೊಂದು ಬಗೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮತ್ತೊಂದು ಬಗೆಯಾಗಿದ್ದರೆ, ಊರಿಗೆ ಒಬ್ಬನೇ ಆದ ಆತ ಗಣಕಯಂತ್ರಕ್ಕೆ ಮೂವರಾಗುತ್ತಾನೆ.

ಉದ್ಯೋಗ ಖಾತರಿಯ ಕೂಲಿಯನ್ನು ಆಧಾರ್ ಮೂಲಕವೇ ಪಾವತಿಸಬೇಕೆಂಬ ನಿಯಮ 2024ರ ಜನವರಿ 1ರಿಂದ ಕಡ್ಡಾಯವಾಯಿತು. ಆಗ ಈ ಒಂದು ಅಕ್ಷರದ ವ್ಯತ್ಯಾಸಕ್ಕೂ ಬೆಲೆ ಬಂದಿತು. ಹೆಸರಿನ ತಿದ್ದುಪಡಿಗೆ ನಿಗದಿಯಾದ ಶುಲ್ಕ ಈಗ 75 ರೂಪಾಯಿ. ಕಾಗದದ ಮೇಲೆ ಕಾಣುವ ಬೆಲೆ ಇಷ್ಟೇ. ಆದರೆ ತಿದ್ದಿಸಲು ಹೋಬಳಿಗೋ ತಾಲ್ಲೂಕಿಗೋ ಹೋದವನು ಅಂದಿನ ಕೂಲಿಯನ್ನು ಕಳೆದುಕೊಳ್ಳುತ್ತಾನೆ. 2025-26ರ ದರದಂತೆ ಕರ್ನಾಟಕದಲ್ಲಿ ಅದು 370 ರೂಪಾಯಿ. ಬಸ್ಸಿನ ಖರ್ಚು ಬೇರೆ. ಸರ್ವರ್ ಕೈಕೊಟ್ಟರೆ ಮರುದಿನವೂ ಅದೇ ದಾರಿ.

ಇದು ಬಡವನ ಜೇಬಿನ ಮಾತು. ತೆರಿಗೆದಾರನಿಗೇನು ನಷ್ಟ ಎಂದು ಕೇಳುವವರಿದ್ದಾರೆ. ಉತ್ತರ ಸರಳವಾಗಿದೆ. ಆ ಕೂಲಿಕಾರನ ಎದುರು ಕುಳಿತ ಪಂಚಾಯಿತಿಯ ಸಿಬ್ಬಂದಿ, ಬ್ಯಾಂಕಿನ ಗುಮಾಸ್ತ, ಮಕ್ಕಳ ಆಧಾರ್ ವಿವರಗಳನ್ನು ತುಂಬುವ ಶಿಕ್ಷಕಿ, ಮನೆಮನೆಯ ಪಟ್ಟಿ ಹಿಡಿದು ಅಲೆಯುವ ಅಂಗನವಾಡಿ ಕಾರ್ಯಕರ್ತೆ, ಇವರಲ್ಲಿ ಬಹುಪಾಲು ಜನರ ಸಂಬಳ ಅಥವಾ ಗೌರವಧನ ತೆರಿಗೆಯ ಹಣದಿಂದಲೇ ಬರುತ್ತದೆ. ಶಿಕ್ಷಕಿ ಗುರುತಿನ ಕೆಲಸಕ್ಕೆ ಕೊಟ್ಟ ಗಂಟೆ ಆಯವ್ಯಯದಲ್ಲಿ ಶಿಕ್ಷಣದ ಖರ್ಚಾಗಿ ದಾಖಲಾಗುತ್ತದೆ. ಅಂಗನವಾಡಿಯ ಗಂಟೆ ಪೌಷ್ಟಿಕತೆಯ ಖರ್ಚಾಗುತ್ತದೆ. ಗುರುತಿನ ಬಾಬ್ತಿನಲ್ಲಿ ಅದು ಎಲ್ಲಿಯೂ ಕಾಣಿಸದು. ಹೀಗೆ ಮರೆಯಾದ ವೆಚ್ಚವೇ ನಿಜವಾದ ವೆಚ್ಚ.

ಲೆಕ್ಕಕ್ಕೆ ಸಿಕ್ಕಿದ ಭಾಗವೂ ಸಣ್ಣದಲ್ಲ. ವಿಶಿಷ್ಟ ಗುರುತಿನ ಪ್ರಾಧಿಕಾರವನ್ನು ಕುರಿತು ಮಹಾಲೇಖಪಾಲರು ಸಿದ್ಧಪಡಿಸಿದ ವರದಿ 2022ರಲ್ಲಿ ಸಂಸತ್ತಿನ ಮುಂದೆ ಬಂದಿತು. ಐದು ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚನ್ನೇ ಪಡೆಯದೆ ಆಧಾರ್ ನೀಡಿದ್ದಕ್ಕಾಗಿ 2019ರ ಮಾರ್ಚ್‌ವರೆಗೆ ಆದ 310 ಕೋಟಿ ರೂಪಾಯಿಯ ಖರ್ಚನ್ನು ತಪ್ಪಿಸಬಹುದಿತ್ತೆಂದು ಅದು ಹೇಳಿತು. 2018-19ರ ಬಯೋಮೆಟ್ರಿಕ್ ಪರಿಷ್ಕರಣೆಗಳಲ್ಲಿ ಶೇ. 73ರಷ್ಟು ಜನರು ತಾವಾಗಿಯೇ ಬಂದು ಶುಲ್ಕ ತೆತ್ತು ಮಾಡಿಸಿಕೊಂಡವು. ಮೊದಲ ನೋಂದಣಿಯ ಗುಣಮಟ್ಟವೇ ಸಾಲದಾಗಿತ್ತೆಂಬುದಕ್ಕೆ ಅದು ಸೂಚನೆ ಎಂದೂ ವರದಿ ಗುರುತಿಸಿತು. ಎಂದರೆ ತಪ್ಪು ಆಡಳಿತದ್ದು, ದಂಡ ಪ್ರಜೆಯದು. ಮೊಳಕಾಲ್ಮೂರಿನ ಮಗ್ಗದ ಮುಂದೆ ರೇಷ್ಮೆ ಎಳೆಗಳನ್ನು ಆಡಿಸಿ ಸವೆದ ಬೆರಳಾಗಲಿ, ಚಳ್ಳಕೆರೆಯ ಹೊಲದಲ್ಲಿ ಶೇಂಗಾ ಕಿತ್ತು ಒರಟಾದ ಬೆರಳಾಗಲಿ ಯಂತ್ರಕ್ಕೆ ಒಗ್ಗದಿದ್ದರೆ, ಅದು ದುಡಿಮೆಯ ಗುರುತೇ ಹೊರತು ಅಪರಾಧವಲ್ಲ.

ಇಷ್ಟಾದರೂ ಒಂದು ಗುರುತು ಸಾಲದಾಗಿದೆ. ಮತದಾರರ ಚೀಟಿ, ಪಡಿತರ ಚೀಟಿ, ರೈತನಿಗೆ ‘ಫ್ರೂಟ್ಸ್’ ತಂತ್ರಾಂಶದ ಸಂಖ್ಯೆ, ಅಸಂಘಟಿತ ಕಾರ್ಮಿಕನಿಗೆ ಇ-ಶ್ರಮ್, ಆರೋಗ್ಯಕ್ಕೆ ಆಭಾ, ಮನೆಗೆ ‘ಕುಟುಂಬ’ ಸಂಖ್ಯೆ. ಅಮೃತಮಹಲ್ ಕಾವಲುಗಳ ಈ ಸೀಮೆಯಲ್ಲಿ ದನದ ಕಿವಿಯ ಓಲೆಗೂ ಇಂದು ಹನ್ನೆರಡು ಅಂಕಿ, ಅದರ ಒಡೆಯನ ಆಧಾರ್‌ಗೂ ಹನ್ನೆರಡು ಅಂಕಿ. ಪ್ರತಿಯೊಂದಕ್ಕೂ ಬೇರೆ ನೋಂದಣಿ, ಬೇರೆ ಗಣಕ, ಬೇರೆ ಟೆಂಡರು.

ರಾಜ್ಯವು ಪ್ರಜೆಯನ್ನು ಗುರುತಿಸುವುದು ಹೊಸತೇನಲ್ಲ. 1909ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಪ್ರಯಾಣಿಕನು ಅವನಿಗೆ ಒಂದು ಮಾಷಕ ತೆತ್ತು ಮುದ್ರೆ ಪಡೆಯಬೇಕು. ಆ ವ್ಯವಸ್ಥೆ ಮೃದುವಾದುದೇನಲ್ಲ. ಆದರೆ ಮುದ್ರೆಯ ಬೆಲೆ ಶಾಸ್ತ್ರದಲ್ಲಿಯೇ ಬರೆದಿತ್ತು. ಇಂದಿನ ಮುದ್ರೆಯ ಬೆಲೆಯನ್ನು ಯಾವ ಆದೇಶವೂ ಪೂರ್ಣವಾಗಿ ಹೇಳುವುದಿಲ್ಲ.

ನಕಲಿ ಚೀಟಿಗಳು ಇದ್ದುದು ನಿಜ. ಅವುಗಳನ್ನು ತೆಗೆದುಹಾಕಿ ಹಣ ಉಳಿಸಿದ್ದರೆ ಅದು ಸ್ವಾಗತಾರ್ಹವೇ. ಆದರೆ ಉಳಿತಾಯವನ್ನು ಕೋಟಿಗಳಲ್ಲಿ ಸಾರುವವರು, ಅದಕ್ಕಾಗಿ ವ್ಯಯವಾದ ಗಂಟೆಗಳನ್ನೂ ತಪ್ಪಿಹೋದ ಕೂಲಿಗಳನ್ನೂ ಅದರಿಂದ ಕಳೆದು ತೋರಿಸಬೇಕು. ಕಳೆಯದ ಉಳಿತಾಯ ಲೆಕ್ಕವಲ್ಲ, ಪ್ರಚಾರ. ಯಾವುದೇ ಹೊಸ ಗುರುತನ್ನು ಕಡ್ಡಾಯಗೊಳಿಸುವ ಮುನ್ನ ಸಿಬ್ಬಂದಿಯ ಸಮಯವೂ ಪ್ರಜೆಯ ಸಮಯವೂ ಸೇರಿದ ವೆಚ್ಚವನ್ನು ಪ್ರಕಟಿಸುವುದು ಸರ್ಕಾರದ ಕರ್ತವ್ಯವಾಗಬೇಕು. ನೋಂದಣಿಯ ದೋಷದಿಂದ ಬಂದ ತಿದ್ದುಪಡಿಗೆ ಶುಲ್ಕವಿರಕೂಡದು. ಆಧಾರ್ ಚೀಟಿಯಲ್ಲಿ ಕನ್ನಡದ ಹೆಸರೂ ಅಚ್ಚಾಗಿರುತ್ತದೆ. ಹೋಲಿಸಿ ನೋಡುವ ರೂಢಿ ಮಾತ್ರ ರೋಮನ್ ಅಕ್ಷರಗಳದು. ಕನ್ನಡದ ಹೆಸರನ್ನೇ ಪ್ರಮಾಣವಾಗಿ ಹಿಡಿದರೆ ಎಷ್ಟೋ ತಿಪ್ಪೇಸ್ವಾಮಿಗಳ ಅಲೆದಾಟ ತಪ್ಪುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆಯ ಆವರಣ ಇರುವುದು ಇದೇ ಕುದಾಪುರದಲ್ಲಿ. ಇಂತಹ ಹೊಂದಾಣಿಕೆ ನಾಡಿನ ವಿಜ್ಞಾನಕ್ಕೆ ಮೀರಿದ್ದಲ್ಲ.

ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸುವಾಗ ಅವರವರು ಅಗೆದು ಹಾಕಿದ ಮಣ್ಣಿನ ಗುಡ್ಡೆಯಲ್ಲಿಯೇ ದುಡಿಮೆಗೆ ತಕ್ಕ ಕೂಲಿ ದೊರೆಯುತ್ತಿತ್ತೆಂಬುದು ಈ ಸೀಮೆಯ ಜನರ ನಂಬಿಕೆ. ಅಲ್ಲಿ ದುಡಿಮೆಯೇ ಗುರುತಾಗಿತ್ತು. ಅದೇ ನೆಲದಲ್ಲಿ ಇಂದು ಮಣ್ಣು ಅಗೆದವನು, ತಾನು ತಾನೇ ಎಂದು ತೋರಿಸಲು ಇನ್ನೊಂದು ದಿನದ ದುಡಿಮೆಯನ್ನು ತೆರಬೇಕಾಗಿದೆ. ಆ ದಿನವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಆಯವ್ಯಯ ಪೂರ್ಣವಾದ ಆಯವ್ಯಯವಲ್ಲ.